ಕೇರೋವನ್ನು ನದಿ ಮುಳುಗಿಸಲಿಲ್ಲ

ಎರಡು ದೊಡ್ಡ ನದಿಗಳು ಕೂಡುವ ಮೂಲೆ ಅದು. ಒಂದು ಕಡೆಯಿಂದ ಮಿಸಿಸಿಪ್ಪಿ ಬರುತ್ತದೆ, ಮಣ್ಣು ಕದಡಿದ ಕಂದು ನೀರು. ಇನ್ನೊಂದು ಕಡೆಯಿಂದ ಓಹಿಯೊ, ಕೊಂಚ ತಿಳಿ, ಹಸಿರು ಬೆರೆತ ಬೂದು. ಕೂಡಿದ ಮೇಲೂ ಎರಡೂ ತಕ್ಷಣ ಬೆರೆಯುವುದಿಲ್ಲ. ನಡುವೆ ಗೆರೆ ಎಳೆದಂತೆ ಬಹುದೂರ ಅಕ್ಕಪಕ್ಕದಲ್ಲೇ ಹರಿಯುತ್ತವೆ. ಆ ಗೆರೆಯ ಮೇಲೆ ಹಗಲಿರುಳು ಬಾರ್ಜ್‌ಗಳ ಸಾಲು ಸಾಗುತ್ತಿರುತ್ತದೆ. ಮೆಕ್ಕೆಜೋಳ, ಸೋಯಾ, ಕಲ್ಲಿದ್ದಲು, ಗೊಬ್ಬರ ತುಂಬಿದ ಚಪ್ಪಟೆ ತೊಟ್ಟಿಗಳನ್ನು ಉಕ್ಕಿನ ಹಗ್ಗದಿಂದ ಒಂದಕ್ಕೊಂದು ಬಿಗಿದು, ಹಿಂದಿನಿಂದ ಒಂದೇ ಒಂದು ದೋಣಿ ತಳ್ಳುತ್ತದೆ. ಅದರ ಹೆಸರು ಎಳೆಯುವ ದೋಣಿ, ಕೆಲಸ ಮಾತ್ರ ತಳ್ಳುವುದು. ಈ ಜಾಗದಿಂದ ಕೆಳಗೆ ಸಮುದ್ರದವರೆಗೂ ಮಿಸಿಸಿಪ್ಪಿಗೆ ಅಡ್ಡಲಾಗಿ ಅಣೆಕಟ್ಟಿಲ್ಲ, ದೋಣಿ ಏರಿಸಿ ಇಳಿಸುವ ಲಾಕ್ ಇಲ್ಲ. ಹಾಗಾಗಿ ಮೇಲಿಂದ ಬಂದ ಸಣ್ಣ ಸಾಲುಗಳನ್ನು ಇಲ್ಲಿ ಬಿಚ್ಚಿ, ಮೂವತ್ತು ನಲವತ್ತು ಬಾರ್ಜ್‌ಗಳ ದೊಡ್ಡ ಸಾಲುಗಳಾಗಿ ಮತ್ತೆ ಕಟ್ಟುತ್ತಾರೆ. ನದಿಯ ಮೇಲೆ ವ್ಯಾಪಾರ ಭರಾಟೆಯಲ್ಲಿದೆ.

ನದಿಗೆ ಬೆನ್ನು ತಿರುಗಿಸಿ ಊರಿನ ಕಡೆ ನೋಡಿದರೆ ಚಿತ್ರವೇ ಬೇರೆ. ಹೆಸರಿಗೆ ಕಮರ್ಷಿಯಲ್ ಅವೆನ್ಯೂ ಎಂಬ ಬೀದಿ. ಆದರೆ ಅಂಗಡಿಗಳಿದ್ದ ಕಡೆ ಹುಲ್ಲು ಬೆಳೆದ ಖಾಲಿ ನಿವೇಶನಗಳು, ಒಂಟಿ ಗೋಡೆಗಳು, ಹಲಗೆ ಬಡಿದ ಕಿಟಕಿಗಳು. ಇದು ಅಮೆರಿಕದ ಇಲಿನಾಯ್ ರಾಜ್ಯದ ದಕ್ಷಿಣದ ತುದಿಯ ಊರು. ಬರೆಯುವುದು ಈಜಿಪ್ಟಿನ ರಾಜಧಾನಿಯ ಹೆಸರಿನಂತೆಯೇ ಆದರೂ ಸ್ಥಳೀಯರ ಬಾಯಲ್ಲಿ ಅದು ಕೈರೋ ಅಲ್ಲ, ಕೇರೋ. 1920ರ ಜನಗಣತಿಯಲ್ಲಿ ಇಲ್ಲಿ 15,203 ಜನರಿದ್ದರು. 2020ರಲ್ಲಿ ಉಳಿದವರು 1,733.

ಮಧ್ಯಪಶ್ಚಿಮ ಅಮೆರಿಕದ ನದಿತೀರದ ಸಣ್ಣ ಊರುಗಳು ಬಡವಾದ ಕಥೆ ನಮಗೆ ಅರ್ಧಂಬರ್ಧ ಗೊತ್ತು: ಉಗಿದೋಣಿ ಹೋಯಿತು, ರೈಲು ಬಂತು, ರೈಲು ಹೋಯಿತು, ಹೆದ್ದಾರಿ ಬಂತು, ಹೆದ್ದಾರಿ ಊರನ್ನು ಬಳಸಿ ಹೋಯಿತು. ಕೇರೋ ಬಗ್ಗೆಯೂ ಹೆಚ್ಚಿನವರು ಹೇಳುವುದು ಇದನ್ನೇ. ಈ ಕಥೆಯಲ್ಲಿ ಸತ್ಯವಿದೆ, ಆದರೆ ಪೂರ್ತಿ ಸತ್ಯವಿಲ್ಲ. ಊರಿನ ಇತಿಹಾಸವನ್ನು ಜನಗಣತಿಯ ಅಂಕಿಗಳ ಪಕ್ಕದಲ್ಲಿಟ್ಟು ಓದಿದರೆ ಬೇರೆಯೇ ಒಂದು ಸಂಗತಿ ಎದ್ದು ಕಾಣುತ್ತದೆ. ಸೇತುವೆಗಳು ಕೇರೋವನ್ನು ಬಡವಾಗಿಸಿರಬಹುದು. ಅದು ನೆಲಕಚ್ಚಿದ್ದು ಮಾತ್ರ ಅಲ್ಲಿನ ಒಂದು ಪಾಲಿನ ಜನ ಇನ್ನೊಂದು ಪಾಲಿನೊಂದಿಗೆ ಊರನ್ನು ಹಂಚಿಕೊಳ್ಳಲು ಒಪ್ಪದೇ ಹೋದದ್ದರಿಂದ.

ನಕ್ಷೆ ನೋಡಿ ಹುಟ್ಟಿದ ಊರು

ನಮ್ಮ ಕಡೆ ಎರಡು ನದಿ ಕೂಡಿದರೆ ಅಲ್ಲೊಂದು ದೇಗುಲ ಏಳುತ್ತದೆ. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ನದಿಗಳು ಕೂಡಿದ ಕಡೆ ಮೊದಲು ಬರುತ್ತಿದ್ದವನು ನಿವೇಶನ ಮಾರುವವನು. 1818ರಲ್ಲಿ ಜಾನ್ ಕಾಮೆಗಿಸ್ ಎಂಬ ವ್ಯಾಪಾರಿ ಈ ಚೂಪು ಭೂಶಿರದ ಮೇಲೆ ಪಟ್ಟಣ ಕಟ್ಟಲು ಕಾಗದಪತ್ರ ಮಾಡಿಸಿದ. ನದಿಗಳ ನಡುವಿನ ಈ ತಗ್ಗು ಮೆಕ್ಕಲು ನೆಲ ನೈಲ್ ನದಿಯ ನಾಡನ್ನು ನೆನಪಿಸಿತೆಂದು ಆ ಹೆಸರು. ಸುತ್ತಲ ಪ್ರದೇಶಕ್ಕೆ ಇಂದಿಗೂ ‘ಪುಟ್ಟ ಈಜಿಪ್ಟ್’ ಎಂದೇ ಕರೆಯುತ್ತಾರೆ. ನೆರೆಯಲ್ಲಿ ಥೀಬ್ಸ್ ಇದೆ, ಕಾರ್ನಾಕ್ ಕೂಡ ಇದೆ. ಕಾಮೆಗಿಸ್ 1820ರಲ್ಲಿ ತೀರಿಕೊಂಡ, ಪಟ್ಟಣ ಕಾಗದದಲ್ಲೇ ಉಳಿಯಿತು.

1837ರಲ್ಲಿ ಡೇರಿಯಸ್ ಹಾಲ್‌ಬ್ರೂಕ್ ಎಂಬಾತ ಹೊಸ ಕಂಪನಿಯೊಂದನ್ನು ಕಟ್ಟಿ ಲಂಡನ್ನಿನಲ್ಲಿ ಬಾಂಡ್ ಮಾರಿ ಹಣ ಎತ್ತಿದ. 1840ರಲ್ಲಿ ಬಾಂಡ್ ಮಾರಿಕೊಡುತ್ತಿದ್ದ ಲಂಡನ್ನಿನ ಸಂಸ್ಥೆ ದಿವಾಳಿಯಾದದ್ದೇ ತಡ, ಕೇರೋದ ಕೆಲಸಗಾರರೂ ಗಂಟುಮೂಟೆ ಕಟ್ಟಿದರು. ಎರಡು ವರ್ಷದ ನಂತರ, 1842ರ ವಸಂತದಲ್ಲಿ, ಉಗಿದೋಣಿಯಲ್ಲಿ ಈ ದಾರಿಯಾಗಿ ಹೋದ ಚಾರ್ಲ್ಸ್ ಡಿಕನ್ಸ್ ಇದನ್ನು ತಮ್ಮ ಪ್ರವಾಸಕಥನದಲ್ಲಿ ಜ್ವರ ಹಿಡಿದ ಕೆಸರುಗುಂಡಿ ಎಂಬಂತೆ ಚಿತ್ರಿಸಿದರು. ಅವರ ‘ಮಾರ್ಟಿನ್ ಚಜಲ್‌ವಿಟ್’ ಕಾದಂಬರಿಯಲ್ಲಿ ನಾಯಕ ಮೋಸಹೋಗಿ ನಿವೇಶನ ಕೊಳ್ಳುವ ‘ಈಡನ್’ ಎಂಬ ಜವುಗು ಊರಿಗೆ ಕೇರೋವೇ ಮೂಲವೆಂದು ಸಾಮಾನ್ಯವಾಗಿ ನಂಬಲಾಗಿದೆ. ಊರು ಸರಿಯಾಗಿ ಹುಟ್ಟುವ ಮೊದಲೇ ಅದರ ಅಪಕೀರ್ತಿ ಹುಟ್ಟಿತ್ತು ಎನ್ನಬೇಕು.

ಡಿಕನ್ಸ್ ಕೋಪದಲ್ಲಿ ಬರೆದರು, ಆದರೆ ಅವರ ಕಣ್ಣಿಗೆ ಬಿದ್ದದ್ದು ಸುಳ್ಳಲ್ಲ. ಇಡೀ ಇಲಿನಾಯ್ ರಾಜ್ಯದಲ್ಲಿ ಅತ್ಯಂತ ತಗ್ಗಿನ ನೆಲ ಇರುವುದು ಈ ಸಂಗಮದಲ್ಲೇ. ಇಲ್ಲಿ ಊರು ನಿಲ್ಲಬೇಕಾದರೆ ಮೊದಲು ಒಡ್ಡು ನಿಲ್ಲಬೇಕು. ನಮ್ಮ ಕೆರೆಯ ಏರಿ ನೀರನ್ನು ಒಳಗೆ ಹಿಡಿಯುತ್ತದೆ. ಕೇರೋದ ಏರಿ ನೀರನ್ನು ಹೊರಗೆ ತಡೆಯುತ್ತದೆ. ಊರೇ ಒಂದು ಬರಿದಾದ ಕೆರೆಯಂಗಳದಂತೆ ಸುತ್ತ ಮಣ್ಣಿನ ಒಡ್ಡು, ಕಾಂಕ್ರೀಟ್ ಗೋಡೆಗಳ ನಡುವೆ ಕುಳಿತಿದೆ. ಉತ್ತರಕ್ಕೆ ಹೋಗುವ ಹೆದ್ದಾರಿ ಒಡ್ಡನ್ನು ದಾಟುವ ಜಾಗದಲ್ಲಿ ಭಾರಿ ಉಕ್ಕಿನ ಬಾಗಿಲಿದೆ. ಪ್ರವಾಹ ಏರಿದರೆ ಅದನ್ನು ಇಳಿಬಿಟ್ಟು ಊರನ್ನು ಡಬ್ಬಿಯಂತೆ ಮುಚ್ಚಿಬಿಡಬಹುದು.

ನಿಲ್ಲಲೇಬೇಕಾದ ಜಾಗ

ಕೇರೋಗೆ ನಿಜವಾದ ಜೀವ ಬಂದದ್ದು ರೈಲಿನಿಂದ. 1850ರಲ್ಲಿ ಸೆನೆಟರ್ ಸ್ಟೀಫನ್ ಡಗ್ಲಸ್ ಪ್ರಯತ್ನದಿಂದ ಅಮೆರಿಕದ ಸಂಸತ್ತು ರೈಲು ಹಾಕಲು ಸರ್ಕಾರಿ ಭೂಮಿ ಕೊಡುವ ಕಾನೂನು ಮಾಡಿತು. ಅದರ ಫಲವಾಗಿ ಬಂದ ಇಲಿನಾಯ್ ಸೆಂಟ್ರಲ್ ರೈಲಿನ ದಕ್ಷಿಣದ ಕೊನೆಯ ನಿಲ್ದಾಣ ಕೇರೋ. 1856ರ ಹೊತ್ತಿಗೆ ಮಾರ್ಗ ಮುಗಿಯಿತು. ಇಲ್ಲಿಗೆ ಬಂದ ರೈಲು ಮುಂದೆ ಹೋಗುವಂತಿಲ್ಲ, ಎದುರಿಗೆ ಓಹಿಯೊ. ಪ್ರಯಾಣಿಕ ಇಳಿಯಬೇಕು, ಸರಕು ಇಳಿಸಬೇಕು, ಉಗಿದೋಣಿ ಬರುವತನಕ ಕಾಯಬೇಕು. ಕಾಯುವವನಿಗೆ ಊಟ, ಹಾಸಿಗೆ, ಹೆಂಡ, ಜೂಜು ಎಲ್ಲವೂ ಬೇಕು. ಆ ಕಾಯುವಿಕೆಯೇ ಊರಿನ ಅನ್ನ. 1858ರಲ್ಲಿ ಕೇರೋ ಅಧಿಕೃತವಾಗಿ ನಗರವಾಯಿತು. ಅದೇ ವರ್ಷ ಒಡ್ಡು ಒಡೆದು ಊರು ನೀರಿನಲ್ಲಿ ನಿಂತಿತು ಎಂಬುದನ್ನೂ ಹೇಳಬೇಕು.

1861ರಲ್ಲಿ ಅಂತರ್ಯುದ್ಧ ಶುರುವಾದಾಗ ನಕ್ಷೆ ಕೊನೆಗೂ ಕೇರೋ ಪರವಾಗಿ ನಿಂತಿತು. ಗುಲಾಮಗಿರಿ ಇಲ್ಲದ ರಾಜ್ಯಗಳ ಪೈಕಿ ಗುಲಾಮಗಿರಿಯ ರಾಜ್ಯಗಳ ನಡುವೆ ಇಷ್ಟು ಆಳವಾಗಿ ಚಾಚಿದ ನೆಲ ಇನ್ನೊಂದಿರಲಿಲ್ಲ. ದಕ್ಷಿಣದ ಬಣದ ರಾಜಧಾನಿಯಾಗಿದ್ದ ವರ್ಜೀನಿಯಾದ ರಿಚ್‌ಮಂಡ್‌ಗಿಂತಲೂ ಕೇರೋ ದಕ್ಷಿಣದಲ್ಲಿದೆ. ಯುಲಿಸಿಸ್ ಗ್ರಾಂಟ್ ಎಂಬ, ಆಗಿನ್ನೂ ಹೆಸರು ಮಾಡದ ದಂಡನಾಯಕ ಇಲ್ಲಿ ಬೀಡುಬಿಟ್ಟು, 1862ರ ಫೆಬ್ರವರಿಯಲ್ಲಿ ಇಲ್ಲಿಂದಲೇ ಹೊರಟು ಫೋರ್ಟ್ ಹೆನ್ರಿ, ಫೋರ್ಟ್ ಡೊನೆಲ್ಸನ್ ಕೋಟೆಗಳನ್ನು ಹಿಡಿದ. ದಕ್ಷಿಣದ ತೋಟಗಳಿಂದ ಬಿಡುಗಡೆ ಹುಡುಕಿ ಬಂದ ಸಾವಿರಾರು ಕಪ್ಪುವರ್ಣೀಯರಿಗೆ ಸೈನ್ಯ ಇಲ್ಲಿ ಶಿಬಿರ ತೆರೆಯಿತು. ಯುದ್ಧಕ್ಕೆ ಮುಂಚೆ ಇಲ್ಲಿದ್ದ ಕಪ್ಪುವರ್ಣೀಯರನ್ನು ಡಜನ್ ಲೆಕ್ಕದಲ್ಲಿ ಎಣಿಸಬಹುದಿತ್ತು. ಒಂದೇ ದಶಕದಲ್ಲಿ ಅವರ ಸಂಖ್ಯೆ ಸಾವಿರ ದಾಟಿತು. ಮಾರ್ಕ್ ಟ್ವೇನ್ ಅವರ ‘ಹಕಲ್‌ಬರಿ ಫಿನ್’ ಓದಿದವರಿಗೆ ಈ ಹೆಸರು ನೆನಪಿರಬಹುದು: ಓಡಿಬಂದ ಗುಲಾಮ ಜಿಮ್ ತಲುಪಬೇಕೆಂದಿದ್ದ ಊರು ಕೇರೋವೇ, ಅಲ್ಲಿಂದ ಓಹಿಯೊ ಮೇಲೆ ಹೋದರೆ ಸ್ವಾತಂತ್ರ್ಯ. ಮಂಜು ಮುಸುಕಿದ ರಾತ್ರಿಯಲ್ಲಿ ಅವರ ತೆಪ್ಪ ಕೇರೋವನ್ನು ದಾಟಿ ಮುಂದೆ ಹೋಗಿಬಿಡುತ್ತದೆ. ಕಾದಂಬರಿಯ ಜಿಮ್‌ಗೆ ಸಿಗದ ಊರು ನಿಜಜೀವನದ ಸಾವಿರಾರು ಜಿಮ್‌ಗಳಿಗೆ ಸಿಕ್ಕಿತು. ಸಿಕ್ಕಿದ ಮೇಲೆ ಏನಾಯಿತು ಎಂಬುದೇ ಮುಂದಿನ ನೂರು ವರ್ಷಗಳ ಕಥೆ.

ಸೇತುವೆ ಹೇಳುವುದೊಂದು, ಜನಗಣತಿ ಹೇಳುವುದೊಂದು

1889ರ ಅಕ್ಟೋಬರ್ 29ರಂದು ಓಹಿಯೊ ಮೇಲೆ ರೈಲು ಸೇತುವೆ ತೆರೆಯಿತು. ಲೋಹದ ಸೇತುವೆಗಳಲ್ಲಿ ಆಗ ಜಗತ್ತಿನಲ್ಲೇ ಅತಿ ಉದ್ದದ್ದು. ಗಟ್ಟಿತನ ತೋರಿಸಲು ಒಂಬತ್ತು ಉಗಿ ಎಂಜಿನ್‌ಗಳನ್ನು ಒಂದರ ಹಿಂದೊಂದು ಜೋಡಿಸಿ ಅದರ ಮೇಲೆ ಓಡಿಸಿದರು. ಅಲ್ಲಿಯವರೆಗೆ ರೈಲು ಡಬ್ಬಿಗಳನ್ನು ದೋಣಿಯಲ್ಲಿ ದಾಟಿಸಬೇಕಿತ್ತು; ಇನ್ನು ಷಿಕಾಗೊದಿಂದ ನ್ಯೂ ಆರ್ಲಿಯನ್ಸ್‌ಗೆ ಹೋಗುವವನು ಕೇರೋದಲ್ಲಿ ಇಳಿಯಬೇಕಾಗಿಯೇ ಇರಲಿಲ್ಲ. 1905ರಲ್ಲಿ ಥೀಬ್ಸ್ ಬಳಿ ಮಿಸಿಸಿಪ್ಪಿಗೆ ಇನ್ನೊಂದು ರೈಲು ಸೇತುವೆ ಬಂತು. 1929ರಲ್ಲಿ ಮಿಸಿಸಿಪ್ಪಿಗೂ ಮೂವತ್ತರ ದಶಕದ ಕೊನೆಯಲ್ಲಿ ಓಹಿಯೊಗೂ ಮೋಟಾರು ಸೇತುವೆಗಳಾದವು. 1978ರಲ್ಲಿ ಅಂತರರಾಜ್ಯ ಹೆದ್ದಾರಿ 57ರ ಸೇತುವೆ ತೆರೆದ ಮೇಲಂತೂ ವಾಹನಗಳು ಊರಿನ ಮುಖವನ್ನೂ ನೋಡದೆ ಹೋಗತೊಡಗಿದವು. ನಿಲ್ಲಲೇಬೇಕಾದ ಜಾಗ ನಿಲ್ಲಬೇಕಿಲ್ಲದ ಜಾಗವಾಯಿತು, ಆದ್ದರಿಂದ ಸತ್ತಿತು. ಇದು ಎಲ್ಲರಿಗೂ ಒಪ್ಪಿಗೆಯಾಗುವ ವಿವರಣೆ. ಒಪ್ಪಿಗೆಯಾಗಲು ಒಂದು ಕಾರಣ, ಇದರಲ್ಲಿ ಯಾರ ತಪ್ಪೂ ಇಲ್ಲ.

ಈಗ ಅಂಕಿಗಳನ್ನು ನೋಡೋಣ. ಸೇತುವೆಯಾದ ಮರುವರ್ಷ, 1890ರಲ್ಲಿ, ಕೇರೋದ ಜನಸಂಖ್ಯೆ 10,324. 1900ರಲ್ಲಿ 12,566. 1910ರಲ್ಲಿ 14,548. 1920ರಲ್ಲಿ 15,203. ಅಂದರೆ ಊರನ್ನು ಕೊಂದಿತೆನ್ನುವ ಸೇತುವೆ ಬಂದ ಮೇಲಿನ ಮೂವತ್ತು ವರ್ಷಗಳಲ್ಲಿ ಊರು ಸುಮಾರು ಅರ್ಧದಷ್ಟು ಬೆಳೆದಿದೆ. ಮರದ ಮಿಲ್ಲುಗಳು, ಹತ್ತಿಬೀಜದ ಎಣ್ಣೆ ಗಿರಣಿಗಳು ಕಾಯುವ ಪ್ರಯಾಣಿಕನ ಜಾಗ ತುಂಬಿದ್ದವು. ಮೊದಲ ಮೋಟಾರು ಸೇತುವೆಯ ನಂತರವೂ, 1930ರಲ್ಲಿ 13,532 ಇದ್ದದ್ದು 1940ಕ್ಕೆ 14,407ಕ್ಕೆ ಏರಿತು. ಅದೂ ಆರ್ಥಿಕ ಕುಸಿತದ ದಶಕದಲ್ಲಿ. ನಿಜವಾದ ಕುಸಿತ ಆಮೇಲಿನದು. 1950ರಲ್ಲಿ 12,123, 1960ರಲ್ಲಿ 9,348, 1970ರಲ್ಲಿ 6,277. ಇಪ್ಪತ್ತೇ ವರ್ಷದಲ್ಲಿ ಊರು ಅರ್ಧವಾಯಿತು. ಹೆದ್ದಾರಿ 57ರ ಸೇತುವೆ ಬರಲು ಆಗಿನ್ನೂ ಎಂಟು ವರ್ಷ ಬಾಕಿ ಇತ್ತು.

ಇದಕ್ಕೆ ಒಂದು ಆಕ್ಷೇಪ ಸಹಜ. ಆ ಇಪ್ಪತ್ತು ವರ್ಷಗಳಲ್ಲಿ ಸುತ್ತಲಿನ ಹತ್ತಿ ಹೊಲಗಳಿಗೆ ಯಂತ್ರ ಬಂದು ಕೂಲಿ ಹೋಯಿತು, ಕಾಡು ಕಡಿದು ಮುಗಿದು ಮರದ ಮಿಲ್ಲುಗಳು ಸೊರಗಿದವು, ಅಮೆರಿಕದ ಎಷ್ಟೋ ಸಣ್ಣ ಊರುಗಳು ಜನರನ್ನು ಕಳೆದುಕೊಂಡವು. ಒಪ್ಪಬೇಕು. ಆದರೆ ಬಡವಾದ ಊರುಗಳೆಲ್ಲ ಹತ್ತರಲ್ಲಿ ಒಂಬತ್ತು ಪಾಲು ಜನರನ್ನು ಕಳೆದುಕೊಂಡಿಲ್ಲ. ಕೇರೋಗೆ ಬೇರೆ ಏನೋ ಆಗಿರಬೇಕು. ಅದನ್ನು ತಿಳಿಯಲು 1909ಕ್ಕೆ, ಊರು ಇನ್ನೂ ಬೆಳೆಯುತ್ತಿದ್ದ ದಿನಗಳಿಗೆ, ಹಿಂದೆ ಹೋಗಬೇಕು.

ದೀಪದ ಕಮಾನಿನ ಕೆಳಗೆ

1909ರ ನವೆಂಬರಿನಲ್ಲಿ ಬಿಳಿಯ ಯುವತಿಯೊಬ್ಬಳ ಕೊಲೆಯಾಯಿತು. ವಿಲ್ ಜೇಮ್ಸ್ ಎಂಬ ಕಪ್ಪುವರ್ಣೀಯ ಕೂಲಿಯನ್ನು ಪೊಲೀಸರು ಹಿಡಿದರು. ಷೆರಿಫ್ ಅವನನ್ನು ಊರಾಚೆ ಕಾಡಿಗೆ ಕರೆದೊಯ್ದರೂ ಗುಂಪು ರೈಲು ಹತ್ತಿ ಹೋಗಿ ಕಿತ್ತುಕೊಂಡು ಬಂತು. ನವೆಂಬರ್ 11ರ ರಾತ್ರಿ, ವಿಚಾರಣೆಯಿಲ್ಲ, ಸಾಕ್ಷಿಯಿಲ್ಲ, ಪೇಟೆಯ ನಡುವೆ ವಿದ್ಯುದ್ದೀಪಗಳಿಂದ ಅಲಂಕರಿಸಿದ ಕಮಾನಿನಡಿ ಸಾವಿರಾರು ಜನರ ಮುಂದೆ ಅವನನ್ನು ನೇಣಿಗೆ ಎತ್ತಿದರು. ಹಗ್ಗ ಹರಿದಾಗ ಗುಂಡಿಕ್ಕಿದರು. ದೇಹವನ್ನು ಎಳೆದೊಯ್ದು ಸುಟ್ಟರು. ರಕ್ತದ ರುಚಿ ಹತ್ತಿದ ಗುಂಪು ಅದೇ ರಾತ್ರಿ ಜೈಲಿಗೆ ನುಗ್ಗಿ, ಹೆಂಡತಿಯನ್ನು ಕೊಂದ ಆರೋಪ ಹೊತ್ತಿದ್ದ ಬಿಳಿಯನೊಬ್ಬನನ್ನೂ ನೇಣು ಹಾಕಿತು. ಆಮೇಲೆ ಆ ರಾತ್ರಿಯ ಚಿತ್ರಗಳು ಪೋಸ್ಟ್‌ಕಾರ್ಡ್‌ಗಳಾಗಿ ಮಾರಾಟವಾದವು.

ಇಲಿನಾಯ್‌ನಲ್ಲಿ 1905ರಿಂದಲೇ ಒಂದು ಕಾನೂನಿತ್ತು: ಕೈದಿಯನ್ನು ಗುಂಪಿಗೆ ಬಿಟ್ಟುಕೊಟ್ಟ ಷೆರಿಫ್ ತನ್ನ ಹುದ್ದೆ ಕಳೆದುಕೊಳ್ಳುತ್ತಾನೆ. ಗವರ್ನರ್ ಚಾರ್ಲ್ಸ್ ಡೆನೀನ್ ಅದರಂತೆ ಷೆರಿಫನನ್ನು ತೆಗೆದುಹಾಕಿದರು. ಆತ ಹುದ್ದೆ ಮರಳಿ ಕೇಳಿದಾಗ, ಗುಂಪುಹತ್ಯೆಗಳ ವಿರುದ್ಧ ಬದುಕಿಡೀ ಬರೆದ ಪತ್ರಕರ್ತೆ ಐಡಾ ಬಿ. ವೆಲ್ಸ್ ಷಿಕಾಗೊದಿಂದ ಕೇರೋಗೆ ಬಂದರು. ಇಲ್ಲಿನ ಕಪ್ಪುವರ್ಣೀಯರಲ್ಲೇ ಅನೇಕರು ಷೆರಿಫನ ಪರ ಸಹಿ ಹಾಕಿದ್ದರು. ಹೆದರಿಕೆಯೋ ಹಂಗೋ, ಅಂತೂ ಹಾಕಿದ್ದರು. ಸಹಿ ಹಾಕಿದವರನ್ನು ವೆಲ್ಸ್ ಕೂರಿಸಿ ಮಾತಾಡಿ, ಸಾಕ್ಷ್ಯ ಕಲೆಹಾಕಿ, ರಾಜಧಾನಿ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ವಕೀಲರೆದುರು ತಾವೇ ವಾದ ಮಂಡಿಸಿ ಗೆದ್ದರು. ಷೆರಿಫನಿಗೆ ಹುದ್ದೆ ಮರಳಲಿಲ್ಲ. ಕೇರೋದ ಇತಿಹಾಸದಲ್ಲಿ ಕಾನೂನು ತನ್ನ ಮಾತು ಉಳಿಸಿಕೊಂಡ ವಿರಳ ಪ್ರಸಂಗ ಇದು.

ವಿರಳ ಎನ್ನಲು ಕಾರಣವಿದೆ. ಶಾಲೆಗಳಲ್ಲಿ ಬಣ್ಣದ ಭೇದ ಸಲ್ಲದೆಂದು ಇಲಿನಾಯ್ 1874ರಲ್ಲೇ ಕಾನೂನು ಮಾಡಿತ್ತು. ಎಪ್ಪತ್ತೆಂಟು ವರ್ಷದ ನಂತರ, 1952ರಲ್ಲಿ, ಕೇರೋದ ಕಪ್ಪುವರ್ಣೀಯ ಪೋಷಕರು ಬಿಳಿಯರ ಶಾಲೆಗಳಿಗೆ ಮಕ್ಕಳನ್ನು ಸೇರಿಸಲು ಹೋದಾಗ ಊರಲ್ಲಿ ಬೆದರಿಕೆಯ ಶಿಲುಬೆಗಳು ಉರಿದವು, ಕಪ್ಪುವರ್ಣೀಯ ವೈದ್ಯರೊಬ್ಬರ ಮನೆಗೆ ಬಾಂಬ್ ಬಿತ್ತು. ರಾಜ್ಯದ ಕಾನೂನು ಊರಿನ ಒಡ್ಡಿನ ಆಚೆಗೇ ನಿಂತಿತ್ತು.

ಸಿಮೆಂಟು ತುಂಬಿದ ಈಜುಕೊಳ

ಕೇರೋದ ಕಥೆಯನ್ನು ಒಂದೇ ವಸ್ತುವಿನಲ್ಲಿ ತೋರಿಸಬೇಕೆಂದರೆ ಊರಿನ ಈಜುಕೊಳವನ್ನು ತೋರಿಸಬೇಕು. ಅದಕ್ಕೆ ಕಪ್ಪುವರ್ಣೀಯರಿಗೆ ಪ್ರವೇಶವಿರಲಿಲ್ಲ. ಇದು ಸಾರ್ವಜನಿಕ ಕೊಳವಲ್ಲ, ಸದಸ್ಯರ ಕ್ಲಬ್ ಎಂಬುದು ನಡೆಸುವವರ ಸಮರ್ಥನೆ. ಊರಿನ ಎರಡೂ ಕಡೆ ನದಿ, ಸೆಳೆತವಿರುವ ಅಪಾಯದ ನೀರು. ಬೇಸಿಗೆಯಲ್ಲಿ ಕಪ್ಪುವರ್ಣೀಯ ಮಕ್ಕಳಿಗೆ ಉಳಿದದ್ದು ಅದೊಂದೇ. 1962ರ ಬೇಸಿಗೆಯಲ್ಲಿ ವಿದ್ಯಾರ್ಥಿ ಚಳವಳಿಗಾರರು ಕೊಳದ ಮುಂದೆ ಪ್ರತಿಭಟಿಸಿದರು. ಮುಂದೆ ಸಂಸದರಾಗಿ ಹೆಸರಾದ ಜಾನ್ ಲೂಯಿಸ್ ಅವರಲ್ಲಿದ್ದರು. ಅವರು ಬೀದಿಯಲ್ಲಿ ಮಂಡಿಯೂರಿ ಪ್ರಾರ್ಥಿಸುತ್ತಿರುವುದನ್ನು ಡ್ಯಾನಿ ಲಯಾನ್ ಎಂಬ ಯುವ ಛಾಯಾಗ್ರಾಹಕ ತೆಗೆದ ಚಿತ್ರ ಆ ಚಳವಳಿಯ ಭಿತ್ತಿಪತ್ರವಾಗಿ ದೇಶವೆಲ್ಲ ಹರಡಿತು. ಕೊಳದ ಮಾಲೀಕರ ಉತ್ತರವೇನು? 1963ರಲ್ಲಿ ಕೊಳವನ್ನೇ ಮುಚ್ಚಿದರು. ಮುಂದೆ ಅದಕ್ಕೆ ಸಿಮೆಂಟು ತುಂಬಿಸಲಾಯಿತು. ಕಪ್ಪುವರ್ಣೀಯರಿಗೆ ಕೊಡಬಾರದೆಂದು ತಮ್ಮ ಮಕ್ಕಳಿಗೂ ಇಲ್ಲದಂತೆ ಮಾಡಿಕೊಂಡರು. ಈ ತರ್ಕವನ್ನೇ ಮುಂದಿನ ಹತ್ತು ವರ್ಷ ಇಡೀ ಊರಿಗೆ ಅನ್ವಯಿಸಿದರು ಎಂಬುದು ನನ್ನ ವಾದ.

1967ರ ಜುಲೈ ತಿಂಗಳಲ್ಲಿ ರಜೆಯ ಮೇಲೆ ಊರಿಗೆ ಬಂದಿದ್ದ ರಾಬರ್ಟ್ ಹಂಟ್ ಎಂಬ ಹತ್ತೊಂಬತ್ತರ ಕಪ್ಪುವರ್ಣೀಯ ಸೈನಿಕ ಪೊಲೀಸ್ ಠಾಣೆಯಲ್ಲಿ ನೇಣು ಬಿಗಿದ ಸ್ಥಿತಿಯಲ್ಲಿ ಸತ್ತ. ಆತ್ಮಹತ್ಯೆ ಎಂದರು ಪೊಲೀಸರು. ಕಪ್ಪುವರ್ಣೀಯರು ನಂಬಲಿಲ್ಲ. ಬೆಂಕಿ ಬಿತ್ತು, ಗುಂಡು ಹಾರಿತು, ರಾಜ್ಯದ ನ್ಯಾಷನಲ್ ಗಾರ್ಡ್ ಪಡೆ ಬಂತು. ಬಿಳಿಯರು ತಮ್ಮದೇ ಸಶಸ್ತ್ರ ಕಾವಲುಪಡೆ ಕಟ್ಟಿಕೊಂಡರು, ತಲೆಯ ಮೇಲಿನ ಟೋಪಿಯಿಂದ ಅದಕ್ಕೆ ‘ಬಿಳಿ ಟೋಪಿಗಳು’ ಎಂದೇ ಹೆಸರಾಯಿತು. 1969ರಲ್ಲಿ ಪಾದ್ರಿ ಚಾರ್ಲ್ಸ್ ಕೋಯೆನ್ ನೇತೃತ್ವದ ‘ಯುನೈಟೆಡ್ ಫ್ರಂಟ್’ ಬಿಳಿಯರ ಅಂಗಡಿಗಳಿಗೆ ಬಹಿಷ್ಕಾರ ಹಾಕಿತು. ಮುಖ್ಯ ಬೇಡಿಕೆ ಕೆಲಸದ್ದು: ನಮ್ಮ ದುಡ್ಡು ಗಲ್ಲಾಪೆಟ್ಟಿಗೆಗೆ ಬೀಳುತ್ತದೆಯಲ್ಲ, ಗಲ್ಲಾಪೆಟ್ಟಿಗೆಯ ಹಿಂದೆ ನಮ್ಮವರೂ ನಿಲ್ಲಲಿ. ಆಗ ಊರಿನಲ್ಲಿ ಕಪ್ಪುವರ್ಣೀಯರು ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚಿದ್ದರು, ಗಿರಾಕಿಗಳಲ್ಲಿ ಅವರ ಪಾಲು ಸಣ್ಣದೇನಲ್ಲ. ಹೆಚ್ಚಿನ ವರ್ತಕರು ಮಣಿಯಲಿಲ್ಲ. ಪಿರಮಿಡ್ ಕೋರ್ಟ್ಸ್ ಎಂಬ ಕಪ್ಪುವರ್ಣೀಯರ ವಸತಿ ಬಡಾವಣೆಯ ಮೇಲೆ ಎಷ್ಟೋ ರಾತ್ರಿ ಗುಂಡಿನ ಮಳೆಯಾಯಿತು. ಬಿಳಿಯರು ತಮ್ಮ ಮಕ್ಕಳಿಗಾಗಿ ಪ್ರತ್ಯೇಕ ಖಾಸಗಿ ಶಾಲೆ ತೆರೆದರು. 1972ರಲ್ಲಿ ಕೇಂದ್ರ ಸರ್ಕಾರದ ನಾಗರಿಕ ಹಕ್ಕುಗಳ ಆಯೋಗ ಊರಿಗೇ ಬಂದು ವಿಚಾರಣೆ ನಡೆಸಿ, ಮರುವರ್ಷ ಕೇರೋವನ್ನು ವರ್ಣವೈಷಮ್ಯದ ಸಂಕೇತವೆಂದು ಕರೆದು ವರದಿ ಕೊಟ್ಟಿತು. ಅಷ್ಟರಲ್ಲಿ ಕಮರ್ಷಿಯಲ್ ಅವೆನ್ಯೂದಲ್ಲಿ ಒಂದಾದ ಮೇಲೊಂದು ಬಾಗಿಲು ಹಾಕುತ್ತಿತ್ತು.

ಕೊಂದವರು ಯಾರು?

ಇಲ್ಲಿ ಇನ್ನೊಂದು ವಾದ ಬರುತ್ತದೆ, ಅದನ್ನು ತಳ್ಳಿಹಾಕದೆ ಕೇಳಬೇಕು. ಅಂಗಡಿಗಳನ್ನು ಮುಚ್ಚಿಸಿದ್ದು ಬಹಿಷ್ಕಾರ ತಾನೆ, ಹಾಗಾದರೆ ಊರನ್ನು ಕೊಂದದ್ದು ಚಳವಳಿಯೇ ಅಲ್ಲವೇ? ಸೊರಗುತ್ತಿದ್ದ ಪೇಟೆಗೆ ಬಹಿಷ್ಕಾರ ಪೆಟ್ಟು ಕೊಟ್ಟಿತು ಎಂಬುದು ನಿಜ. ಆದರೆ ಆ ಪೆಟ್ಟನ್ನು ತಪ್ಪಿಸಲು ವರ್ತಕ ತೆರಬೇಕಿದ್ದ ಬೆಲೆಯನ್ನೂ ನೋಡಬೇಕು. ಅಂಗಡಿಯಲ್ಲಿ ಒಬ್ಬ ಕಪ್ಪುವರ್ಣೀಯ ಗುಮಾಸ್ತೆ, ಅಷ್ಟೆ. ಗಿರಾಕಿ ಮುನಿಸಿಕೊಂಡಾಗ ಗಿರಾಕಿಯನ್ನು ಒಲಿಸಿಕೊಳ್ಳುವುದು ಯಾವ ವ್ಯಾಪಾರಿಗೂ ಗೊತ್ತಿರುವ ಪಾಠ. ಆ ಪಾಠವನ್ನು ಬದಿಗಿಟ್ಟು ಅಂಗಡಿಯನ್ನೇ ಮುಚ್ಚುವುದನ್ನು ಅರ್ಥಶಾಸ್ತ್ರ ವಿವರಿಸಲಾರದು. ಈಜುಕೊಳ ವಿವರಿಸುತ್ತದೆ.

ಹೋಲಿಕೆಗೆ ನೆರೆಯ ಊರುಗಳಿವೆ. ಓಹಿಯೊ ಮೇಲೆ ಸ್ವಲ್ಪ ದೂರದಲ್ಲಿ ಕೆಂಟಕಿಯ ಪಡೂಕಾ, ಮಿಸಿಸಿಪ್ಪಿ ಮೇಲೆ ಮಿಸೌರಿಯ ಕೇಪ್ ಜಿರಾರ್ಡೊ. ಎರಡೂ ಉಗಿದೋಣಿಯ ಕಾಲದಲ್ಲಿ ಬೆಳೆದ ಊರುಗಳು, ಎರಡಕ್ಕೂ ಸೇತುವೆ ಬಂತು, ಎರಡರ ಉಗಿದೋಣಿಯೂ ಹೋಯಿತು. 2020ರಲ್ಲಿ ಪಡೂಕಾದಲ್ಲಿ 27,000ಕ್ಕೂ, ಕೇಪ್ ಜಿರಾರ್ಡೊದಲ್ಲಿ 39,000ಕ್ಕೂ ಹೆಚ್ಚು ಜನರಿದ್ದರು. ಪಡೂಕಾಗೆ 1952ರಲ್ಲಿ ಯುರೇನಿಯಂ ಸಂಸ್ಕರಿಸುವ ಸರ್ಕಾರಿ ಕಾರ್ಖಾನೆ ಸಿಕ್ಕಿತು, ಕೇಪ್ ಜಿರಾರ್ಡೊಗೆ ವಿಶ್ವವಿದ್ಯಾಲಯವಿತ್ತು, ಕೇರೋಗೆ ಅಂಥ ಅದೃಷ್ಟವಿರಲಿಲ್ಲ ಎನ್ನಬಹುದು. ಸರಿಯಾದ ಮಾತೇ. ಆ ಎರಡು ಊರುಗಳೂ ವರ್ಣಭೇದದಿಂದ ಮುಕ್ತವಾಗಿರಲಿಲ್ಲ ಎಂಬುದನ್ನೂ ಸೇರಿಸಬೇಕು. ಆದರೂ ಅದೃಷ್ಟವನ್ನು ಕರೆಯುವ ಊರು, ಓಡಿಸುವ ಊರು ಎಂಬ ವ್ಯತ್ಯಾಸವಿದೆ. ಶಾಲೆ ಎರಡಾಗಿ ಒಡೆದ, ರಾತ್ರಿ ಗುಂಡಿನ ಸದ್ದು ಕೇಳುವ, ಪೇಟೆಯ ಬಾಗಿಲುಗಳು ಮುಚ್ಚುತ್ತಿರುವ ಊರಿಗೆ ಯಾವ ಕಾರ್ಖಾನೆಯ ಮಾಲೀಕ ದುಡ್ಡು ಹಾಕುತ್ತಾನೆ?

ನೀರು ಕೇಳಿದ ಪ್ರಶ್ನೆ

ಇಷ್ಟರಲ್ಲಿ ನದಿ ಸುಮ್ಮನಿರಲಿಲ್ಲ. 1927ರ ಮಹಾಪ್ರವಾಹದ ನಂತರ ಅಮೆರಿಕದ ಸಂಸತ್ತು ಹೊಸ ಕಾನೂನು ಮಾಡಿತು. ಎಲ್ಲ ಕಡೆಯೂ ಒಡ್ಡು ಎತ್ತರಿಸುತ್ತ ಹೋದರೆ ನೀರು ಎಲ್ಲಾದರೂ ಒಡೆದೇ ಒಡೆಯುತ್ತದೆ, ಆದ್ದರಿಂದ ಎಲ್ಲಿ ಒಡೆಯಬೇಕೆಂಬುದನ್ನು ನಾವೇ ನಿರ್ಧರಿಸೋಣ ಎಂಬುದು ಅದರ ಹಿಂದಿನ ಯೋಚನೆ. ಹಾಗೆ ಕೇರೋದ ಎದುರು ದಡದಲ್ಲಿ, ಮಿಸೌರಿಯ ಸುಮಾರು 1,30,000 ಎಕರೆ ನೆಲವನ್ನು ಬರ್ಡ್ಸ್ ಪಾಯಿಂಟ್ ನೆರೆಗಾಲುವೆ ಎಂದು ಗುರುತಿಸಿದರು. ಕಾಲುವೆ ಎಂಬುದು ಹೆಸರಿಗೆ. ಉಳಿದ ದಿನಗಳಲ್ಲಿ ಅದು ಹೊಲ. ನೀರು ಮಿತಿಮೀರಿದರೆ ಅದರ ಒಡ್ಡು ಸ್ಫೋಟಿಸಿ ನದಿಯನ್ನು ಒಳಗೆ ಬಿಡುವ ಹಕ್ಕನ್ನು ಸರ್ಕಾರ ಮೊದಲೇ ಹಣ ಕೊಟ್ಟು ಪಡೆದಿತ್ತು. 1937ರಲ್ಲಿ ಕೇರೋದ ಅಳತೆಗೋಲಿನಲ್ಲಿ ನೀರು 59.5 ಅಡಿ ಮುಟ್ಟಿದಾಗ ಅದನ್ನು ಮೊದಲ ಬಾರಿ ಬಳಸಿದರು.

ಎರಡನೆಯ ಬಾರಿ ಬಳಸಿದ್ದು 2011ರಲ್ಲಿ. ಆ ಅಳತೆಗೋಲಿನ ಲೆಕ್ಕದಲ್ಲಿ ಊರಿನ ಗೋಡೆಯ ಎತ್ತರ 64 ಅಡಿ. ಮೇ 2ರಂದು ನೀರು 61.72 ಅಡಿಗೆ ಬಂದಿತ್ತು, ಒಡ್ಡಿನ ಅಡಿಯಿಂದ ಮರಳು ಉಕ್ಕುತ್ತಿತ್ತು. ಹಿಂದಿನ ದಿನವೇ ಊರು ಖಾಲಿ ಮಾಡಲು ಆದೇಶವಾಗಿತ್ತು. ಮಿಸೌರಿ ರಾಜ್ಯ ಸ್ಫೋಟವನ್ನು ತಡೆಯಲು ಸುಪ್ರೀಂ ಕೋರ್ಟಿನವರೆಗೆ ಹೋಗಿ ಸೋತಿತು. ಅಂದು ರಾತ್ರಿ ಮೇಜರ್ ಜನರಲ್ ಮೈಕಲ್ ವಾಲ್ಷ್ ಆದೇಶದ ಮೇರೆಗೆ ಸೇನಾ ಎಂಜಿನಿಯರುಗಳು ಒಡ್ಡನ್ನು ಸ್ಫೋಟಿಸಿದರು. ಕೇರೋ ಉಳಿಯಿತು. ಎದುರು ದಡದ ಹೊಲಗಳೂ ಸುಮಾರು ನೂರು ಮನೆಗಳೂ ಮುಳುಗಿದವು. ಮುಳುಗಿದ್ದರಲ್ಲಿ ಕಪ್ಪುವರ್ಣೀಯ ರೈತರು ಕಟ್ಟಿಕೊಂಡಿದ್ದ ಪಿನ್‌ಹುಕ್ ಎಂಬ ಪುಟ್ಟ ಹಳ್ಳಿಯೂ ಸೇರಿತ್ತು; ಅದು ಮತ್ತೆ ಅಲ್ಲಿ ಏಳಲಿಲ್ಲ. ಕೇರೋವನ್ನು ಉಳಿಸಿದ್ದನ್ನು ಕಪ್ಪುಬಿಳುಪಿನ ಕಥೆಯನ್ನಾಗಿ ಸರಳಗೊಳಿಸಲು ಹೊರಟವರಿಗೆ ಪಿನ್‌ಹುಕ್ ಅಡ್ಡ ಬರುತ್ತದೆ.

ಸ್ಫೋಟಕ್ಕೆ ಮುಂಚೆ ಮಿಸೌರಿ ವಿಧಾನಸಭೆಯ ಸ್ಪೀಕರ್, ಹೊಲ ಮುಳುಗಬೇಕೋ ಕೇರೋ ಮುಳುಗಬೇಕೋ ಎಂದು ಕೇಳಿದಾಗ, ಕೇರೋ ಮುಳುಗಲಿ ಎಂದರು. ಆಮೇಲೆ ಕ್ಷಮೆ ಕೇಳಿದರು. ಮಾತು ಒರಟಾದರೂ ಅದರ ಹಿಂದಿನ ಲೆಕ್ಕವನ್ನು ಆಗ ಅನೇಕರು ಹಾಕುತ್ತಿದ್ದರು: ಮೂರು ಸಾವಿರವೂ ಇಲ್ಲದ ಪಾಳು ಊರಿಗಾಗಿ ಬಂಗಾರದಂಥ ಹೊಲ ಏಕೆ ಬಲಿಯಾಗಬೇಕು? ಈ ಲೆಕ್ಕದಲ್ಲಿ ಒಂದು ತಪ್ಪಿದೆ. ನೆರೆಗಾಲುವೆಯನ್ನು ಕೇರೋ ಒಂದಕ್ಕಾಗಿ ಕಟ್ಟಿದ್ದಲ್ಲ, ನದಿಯುದ್ದಕ್ಕೂ ಒಡ್ಡುಗಳ ಮೇಲಿನ ಒತ್ತಡ ಇಳಿಸಲು ಕಟ್ಟಿದ್ದು. ಆದರೆ ಒಂದು ಊರು ಪಾಳಾಗಿರುವುದೇ ಅದನ್ನು ಇನ್ನಷ್ಟು ಪಾಳುಗೆಡವಲು ಕಾರಣವಾಗುವ ಈ ತರ್ಕ ಕೇರೋಗೆ ಹೊಸದಲ್ಲ. ಅಂತೂ 1927ರಲ್ಲಿ, 1937ರಲ್ಲಿ, 2011ರಲ್ಲಿ, ಮೂರು ಬಾರಿಯೂ ನದಿ ಒಡ್ಡು ದಾಟಿ ಊರೊಳಗೆ ಬರಲಿಲ್ಲ.

ಉಳಿದವರು

1986ರ ಕೊನೆಯಲ್ಲಿ ಊರಿನ ಆಸ್ಪತ್ರೆ ಮುಚ್ಚಿತು. 2015ರಲ್ಲಿ ಕೊನೆಯ ದಿನಸಿ ಅಂಗಡಿ ಹೋಯಿತು. 2016ರಲ್ಲಿ ಕೇಂದ್ರ ವಸತಿ ಇಲಾಖೆ, ದುರಾಡಳಿತಕ್ಕೆ ಸಿಕ್ಕಿದ್ದ ಸ್ಥಳೀಯ ವಸತಿ ಪ್ರಾಧಿಕಾರವನ್ನು ವಶಕ್ಕೆ ತೆಗೆದುಕೊಂಡಿತು. ಇಲಿ, ಜಿರಳೆ, ಕೆಟ್ಟ ಹೀಟರುಗಳ ನಡುವೆ ಜನ ಬದುಕುತ್ತಿದ್ದ ಎಲ್ಮ್‌ವುಡ್, ಮಕ್‌ಬ್ರೈಡ್ ಬಡಾವಣೆಗಳನ್ನು ದುರಸ್ತಿ ಮಾಡುವ ಬದಲು ಖಾಲಿ ಮಾಡಿಸುವುದೆಂದು 2017ರಲ್ಲಿ ತೀರ್ಮಾನವಾಯಿತು. ಸುಮಾರು 185 ಕುಟುಂಬಗಳ 400 ಜನ. ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳು. ಬದಲಿ ಮನೆ ಊರಲ್ಲಿ ಇಲ್ಲದ್ದರಿಂದ ಅನೇಕರು ಊರನ್ನೇ ಬಿಟ್ಟರು. ಆ ಮಕ್ಕಳ ಜತೆ ಶಾಲೆಯ ಹಾಜರಿ ಪುಸ್ತಕವೂ ತೆಳುವಾಯಿತು.

ಹಾಗೆಂದು ಊರು ಮುಗಿದಿಲ್ಲ. 1872ರಲ್ಲಿ ಮುಗಿದ ಕಸ್ಟಮ್ಸ್ ಹೌಸ್ ಈಗ ವಸ್ತುಸಂಗ್ರಹಾಲಯ. ಸಾಲು ಮರಗಳ ಬೀದಿಯಲ್ಲಿ ಮ್ಯಾಗ್ನೋಲಿಯಾ ಮ್ಯಾನರ್ ಎಂಬ ಹಳೆಯ ಬಂಗಲೆ ನಿಂತಿದೆ, 1884ರ ಸ್ಯಾಫರ್ಡ್ ಗ್ರಂಥಾಲಯ ಇನ್ನೂ ಬಾಗಿಲು ತೆರೆಯುತ್ತದೆ. 2020ರಲ್ಲಿ ರಾಜ್ಯ ಸರ್ಕಾರ ಸಂಗಮದ ಬಳಿ ಸರಕು ಬಂದರು ಕಟ್ಟಲು 4 ಕೋಟಿ ಡಾಲರ್ ಘೋಷಿಸಿತು. 2023ರಲ್ಲಿ ಊರವರೇ ಸೇರಿ ಸಹಕಾರಿ ದಿನಸಿ ಅಂಗಡಿಯೊಂದನ್ನು ತೆರೆದರು. ಅದು ಬೇಗನೆ ಹಣಕ್ಕೆ ಪರದಾಡತೊಡಗಿತು. ಈಗ ಇಲ್ಲಿರುವವರಲ್ಲಿ ಬಹುಪಾಲು ಕಪ್ಪುವರ್ಣೀಯರು, ಬೀದಿಯಲ್ಲಿ ಮಂಡಿಯೂರಿದವರ ಮಕ್ಕಳು, ಮೊಮ್ಮಕ್ಕಳು. ಅಂದು ಅವರಿಗೆ ಕೊಡಲೊಪ್ಪದ ಊರು ಇಂದು ಅವರದೇ ಕೈಯಲ್ಲಿದೆ, ಗಲ್ಲಾಪೆಟ್ಟಿಗೆಗಳು ಖಾಲಿಯಾದ ಮೇಲೆ. ಒಡ್ಡಿನ ಆಚೆ, ಸಂಗಮದ ಆ ಗೆರೆಯ ಮೇಲೆ, ಇಲಿನಾಯ್‌ನ ಮೆಕ್ಕೆಜೋಳ ಹೊತ್ತ ಬಾರ್ಜ್‌ಗಳನ್ನು ಬಿಚ್ಚಿ ಮತ್ತೆ ಕಟ್ಟುವ ಕೆಲಸ ರಾತ್ರಿಯೆಲ್ಲ ನಡೆಯುತ್ತಿರುತ್ತದೆ.